ಅಂಟು, ನಂಟು ಮತ್ತು ಹೆಬ್ಬೆರಳು

ಹಲಸಿನ ಹಣ್ಣು ಬಿಡಿಸುವವರು ಕಲಿಯುವ ಮೊದಲ ಪಾಠ ಕೈಗೆ ಎಣ್ಣೆ ಹಚ್ಚಿಕೊಳ್ಳೋದು. ಕತ್ತಿಗೂ ಹಚ್ಚಬೇಕು. ಮೇಣ ಒಮ್ಮೆ ಕೈಗೆ ಹತ್ತಿತೋ, ಆಮೇಲೆ ಸೋಪು ಹಾಕಿ, ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಅದು ತನ್ನ ಪಾಡಿಗೆ ತಾನು ಕೂತಿರುತ್ತೆ. ಎಣ್ಣೆ ಇದ್ದರೆ ಅದಕ್ಕೆ ಹಿಡಿತವೇ ಸಿಗೋದಿಲ್ಲ. ಅಮ್ಮನ ಹೊಟ್ಟೆಯೊಳಗೆ ಮಗುವಿನ ಮಿದುಳು ಕಟ್ಟಿಕೊಳ್ಳುವಾಗಲೂ ಹೆಚ್ಚುಕಮ್ಮಿ ಇದೇ ಉಪಾಯ ನಡೆಯುತ್ತೆ ಅಂತ ಓದಿದ ದಿನ ನನಗೆ ನಗು ಬಂದಿತ್ತು. ಅಲ್ಲೂ ಮೇಣ ಇದೆ, ಅಲ್ಲೂ ಎಣ್ಣೆ ಇದೆ. ಯಾವಾಗ ಅಂಟಬೇಕು, ಯಾವಾಗ ಜಾರಬೇಕು ಅನ್ನೋದೇ ಅಲ್ಲಿನ ಅರ್ಧ ಕೆಲಸ.

ಈ ಅಂಟಿಗೆ ಇಂಗ್ಲಿಷಿನವರು ಸೆಲ್ ಅಡ್ಹೀಷನ್ ಮಾಲಿಕ್ಯೂಲ್ ಅಂತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ "ಕೋಶ ಸಂಲಗ್ನತಾ ಅಣು" ಅಂತೇನೋ ಮಾಡಬಹುದು, ಆದರೆ ಓದಿದವರು ಅಲ್ಲಿಂದಲೇ ಎದ್ದು ಹೋಗ್ತಾರೆ. ನಾನು ಅಂಟು ಅಂತಲೇ ಬರೀತೀನಿ. ನಮ್ಮಲ್ಲಿ ಅಂಟು ನಂಟು ಅಂತ ಜೋಡಿಯಾಗಿ ಹೇಳೋದುಂಟು. ಉತ್ತರ ಕರ್ನಾಟಕದ ಗೆಳತಿಯರಿಗೆ ಬಾಣಂತಿಯರ ಅಂಟಿನ ಉಂಡಿ ನೆನಪಾದೀತು. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಹೇಳಿ, ಬದಲಾಯಿಸೋಣ.

ನಾನು ಬಿಎಸ್ಸಿಯಲ್ಲಿ ಜೀವಶಾಸ್ತ್ರ ಓದಿ, ಎಲ್ಲರ ಹಾಗೆ ಬೆಂಗಳೂರಿಗೆ ಬಂದು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದವಳು. ಕೋಶ ಗೀಶ ಎಲ್ಲ ಮರೆತೇ ಹೋಗಿತ್ತು. ಮತ್ತೆ ಓದಲು ಶುರುಮಾಡಿದ್ದಕ್ಕೆ ಕಾರಣ ಅಕ್ಕನ ಮಗ. ಅವನ ವಿಷಯಕ್ಕೆ ಬರ್ತೀನಿ, ಅಕ್ಕನನ್ನು ಕೇಳಿಯೇ ಬರೀತಿದ್ದೀನಿ. ಅದಕ್ಕಿಂತ ಮೊದಲು ಸ್ವಲ್ಪ ಹಳೆಯ ಕಥೆ.

1907ರಲ್ಲಿ ಎಚ್. ವಿ. ವಿಲ್ಸನ್ ಅನ್ನೋ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಸಮುದ್ರದ ಸ್ಪಂಜು ಜೀವಿಯನ್ನು ತೆಳುವಾದ ರೇಷ್ಮೆ ಬಟ್ಟೆಯಲ್ಲಿ ಹಿಂಡಿ, ಕೋಶಗಳನ್ನು ಒಂದೊಂದಾಗಿ ಬಿಡಿಸಿದ. ನಾವು ಹುಣಸೆ ರಸ ಹಿಂಡ್ತೀವಲ್ಲ, ಹಾಗೆ. ನೀರಲ್ಲಿ ಬಿದ್ದ ಕೋಶಗಳು ಹರಿದಾಡಿ, ಒಂದನ್ನೊಂದು ಹುಡುಕಿ ಅಂಟಿಕೊಂಡು, ಮತ್ತೆ ಪುಟ್ಟ ಪುಟ್ಟ ಸ್ಪಂಜುಗಳಾದವು! ಸ್ಪಂಜಿಗೆ ಬೆನ್ನುಮೂಳೆ ಇಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲೂ ಹೀಗಾಗುತ್ತಾ? 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಕಪ್ಪೆ ಜಾತಿಯ ಭ್ರೂಣಗಳ ಕೋಶಗಳನ್ನು ಬಿಡಿಸಿ, ಕಲಸಿ, ಬಿಟ್ಟು ನೋಡಿದರು. ಚರ್ಮವಾಗಬೇಕಾದವು ಹೊರಗೆ ಬಂದು ಹೊದಿಕೆಯಾದವು, ನರವಾಗಬೇಕಾದವು ಒಳಗೆ ಹೋಗಿ ಒಂದು ಟೊಳ್ಳು ಕೊಳವೆ ಮಾಡಿಕೊಂಡವು. ಮದುವೆ ಮನೆಯಲ್ಲಿ ಯಾರೂ ಹೇಳದಿದ್ದರೂ ಹುಡುಗನ ಕಡೆಯವರು ಒಂದು ಮೂಲೆಗೆ, ಹುಡುಗಿಯ ಕಡೆಯವರು ಇನ್ನೊಂದು ಮೂಲೆಗೆ ಸೇರಿಕೊಳ್ಳೋದನ್ನು ನೋಡಿದ್ದೀರಲ್ಲ? ಹಾಗೆ. ಅಂದರೆ ಕೋಶಗಳ ಮೈಮೇಲೆ ಯಾವುದೋ ಗುರುತು ಇರಲೇಬೇಕು.

ಆ ಗುರುತುಗಳಲ್ಲಿ ಬಹಳ ಮುಖ್ಯವಾದದ್ದು ಸಿಕ್ಕಿದ ಕಥೆ ನನಗೆ ತುಂಬಾ ಇಷ್ಟ. ಮಸಾತೋಷಿ ತಾಕೇಯಿಚಿ ಕ್ಯೋಟೋದವರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಗೆ ಹೋಗಿ, ಊರಲ್ಲಿ ಮಾಡುತ್ತಿದ್ದ ಪ್ರಯೋಗವನ್ನೇ ಮಾಡಿದರು. ಟ್ರಿಪ್ಸಿನ್ ಹಾಕಿ ಕೋಶಗಳನ್ನು ಬಿಡಿಸೋದು (ನಮ್ಮ ಹೊಟ್ಟೆಯಲ್ಲಿ ಪ್ರೋಟೀನು ಕತ್ತರಿಸುವ ಅದೇ ಟ್ರಿಪ್ಸಿನ್), ಆಮೇಲೆ ಅವು ಮತ್ತೆ ಹೇಗೆ ಅಂಟುತ್ತವೆ ಅಂತ ನೋಡೋದು. ಕ್ಯೋಟೋದಲ್ಲಿ ಚೆನ್ನಾಗಿ ಅಂಟುತ್ತಿದ್ದ ಕೋಶಗಳು ಇಲ್ಲಿ ಅಂಟಲೇ ಇಲ್ಲ. ನಮ್ಮ ಆಫೀಸಿನಲ್ಲಾದರೆ "ನನ್ನ ಮಷೀನಲ್ಲಿ ಸರಿಯಾಗೇ ಇದೆಯಲ್ಲ" ಅಂತ ಹೇಳಿ ಊಟಕ್ಕೆ ಹೋಗ್ತಾರೆ. ತಾಕೇಯಿಚಿ ಹೋಗಲಿಲ್ಲ. ಎರಡೂ ಕಡೆಯ ದ್ರಾವಣಗಳನ್ನು ಹೋಲಿಸಿದರು. ಬಾಲ್ಟಿಮೋರಿನ ಟ್ರಿಪ್ಸಿನ್‌ನಲ್ಲಿ ಇಡಿಟಿಎ ಅನ್ನೋ ವಸ್ತು ಬೆರೆಸಿತ್ತು. ಅದು ಕ್ಯಾಲ್ಸಿಯಂ ಅನ್ನು ಬಾಚಿಕೊಂಡುಬಿಡುತ್ತೆ. ಕ್ಯಾಲ್ಸಿಯಂ ಇರುವಾಗ ಕೋಶದ ಮೇಲಿನ ಅಂಟು ಬಿಗಿಯಾಗಿ ನಿಂತಿರುತ್ತೆ, ಟ್ರಿಪ್ಸಿನ್ನಿಗೆ ಅದನ್ನು ಕತ್ತರಿಸಲು ಆಗೋದಿಲ್ಲ. ಕ್ಯಾಲ್ಸಿಯಂ ಹೋಯಿತೋ, ಅಂಟೂ ಹೋಯಿತು. 1977ರಲ್ಲಿ ಇದನ್ನು ಪ್ರಕಟಿಸಿದರು, 1984ರಲ್ಲಿ ಆ ಅಂಟಿಗೆ ಕ್ಯಾಡ್ಹೆರಿನ್ ಅಂತ ಹೆಸರಿಟ್ಟರು. ಎರಡು ಬಾಟಲಿಗಳ ವ್ಯತ್ಯಾಸದಿಂದ ಹುಟ್ಟಿದ ವಿಜ್ಞಾನ. ತಪ್ಪು ಹುಡುಕುವವರ ಜಾತಿಗೆ ಸೇರಿದ ನನಗೆ ಇದರಷ್ಟು ಸಮಾಧಾನ ಕೊಡುವ ಕಥೆ ಇನ್ನೊಂದಿಲ್ಲ.

ಕ್ಯಾಡ್ಹೆರಿನ್‌ನಲ್ಲಿ ಹಲವು ಬಗೆ. ಒಂದೊಂದು ಬಗೆಯೂ ಮುಖ್ಯವಾಗಿ ತನ್ನಂಥದ್ದನ್ನೇ ಹುಡುಕಿ ಹಿಡಿಯುತ್ತೆ. ಬಸುರಿನ ಮೊದಲ ವಾರಗಳಲ್ಲಿ ಭ್ರೂಣದ ಬೆನ್ನ ಮೇಲೆ ಚಪ್ಪಟೆ ಹಾಳೆಯ ಹಾಗೆ ಇರುವ ಒಂದು ಪಟ್ಟಿ ಅಂಚು ಮಡಚಿಕೊಂಡು ಕೊಳವೆಯಾಗುತ್ತೆ. ಅದರ ಒಂದು ತುದಿ ಮುಂದೆ ಮಿದುಳು, ಉಳಿದದ್ದು ಬೆನ್ನುಹುರಿ. ಆ ಹಾಳೆಯಲ್ಲಿ ಮೊದಲು ಎಲ್ಲ ಕಡೆ ಇ-ಕ್ಯಾಡ್ಹೆರಿನ್ ಇರುತ್ತೆ. ಕೊಳವೆಯಾಗುವ ಭಾಗ ಅದನ್ನು ಬಿಟ್ಟು ಎನ್-ಕ್ಯಾಡ್ಹೆರಿನ್ ತೊಟ್ಟುಕೊಳ್ಳುತ್ತೆ, ಚರ್ಮವಾಗುವ ಭಾಗ ಹಳೆಯದರಲ್ಲೇ ಉಳಿಯುತ್ತೆ. ಹೀಗೆ ನರವೂ ಚರ್ಮವೂ ಬೇರೆ ಬೇರೆ ಮನೆ ಮಾಡುತ್ತವೆ. ಮನುಷ್ಯರಲ್ಲಿ ಈ ಕೊಳವೆ ಸುಮಾರು 28ನೇ ದಿನಕ್ಕೆ ಮುಚ್ಚಿ ಮುಗಿದಿರುತ್ತೆ. ಎಷ್ಟೋ ಹೆಂಗಸರಿಗೆ ಆಗ ಬಸುರಿ ಅಂತಲೇ ಗೊತ್ತಿರೋದಿಲ್ಲ.

ಇನ್ನು ಹಲಸಿನ ಎಣ್ಣೆಯ ವಿಷಯ. ಜೆರಾಲ್ಡ್ ಎಡೆಲ್ಮನ್ ಪ್ರತಿಕಾಯಗಳ ರಚನೆಗೆ 1972ರಲ್ಲಿ ನೊಬೆಲ್ ಪಡೆದವರು. ಅವರ ಗುಂಪು 1977ರಲ್ಲಿ ಕೋಳಿಮರಿ ಭ್ರೂಣದ ಕಣ್ಣಿನ ಪರದೆಯಿಂದ ಎನ್‌ಕ್ಯಾಮ್ ಅನ್ನೋ ಇನ್ನೊಂದು ಅಂಟನ್ನು ಹೊರತೆಗೆಯಿತು. ಇದಕ್ಕೆ ಕ್ಯಾಲ್ಸಿಯಂ ಬೇಡ. ಭ್ರೂಣದಲ್ಲಿ ಈ ಅಂಟಿನ ಮೇಲೆ ಸಿಯಾಲಿಕ್ ಆಮ್ಲ ಅನ್ನೋ ಸಕ್ಕರೆಯ ಉದ್ದುದ್ದ ಸರಗಳು ನೇತಾಡುತ್ತಿರುತ್ತವೆ. ಅವು ನೀರು ಹಿಡಿದುಕೊಂಡು ಉಬ್ಬಿ, ಕೋಶಗಳನ್ನು ಒಂದರಿಂದೊಂದು ದೂರ ಇಡುತ್ತವೆ. ಕೈಗೆ ಹಚ್ಚಿದ ಎಣ್ಣೆ ಅಂದೆನಲ್ಲ, ಇದೇ. ಮಿದುಳಿನಲ್ಲಿ ಕೋಶಗಳು ಹುಟ್ಟುವ ಜಾಗ ಒಂದು, ಸೇರುವ ಜಾಗ ಇನ್ನೊಂದು. ದಾರಿಯಲ್ಲೇ ಅಂಟಿಕೊಂಡರೆ ಕೆಲಸ ಕೆಟ್ಟಿತು. ಊರು ಸೇರಿದ ಮೇಲೆ ಈ ಸರಗಳು ಕಮ್ಮಿಯಾಗುತ್ತವೆ, ಹಿಡಿತ ಬಿಗಿಯಾಗುತ್ತೆ. 1994ರಲ್ಲಿ ಎನ್‌ಕ್ಯಾಮ್ ಪೂರ್ತಿ ತೆಗೆದ ಇಲಿಗಳನ್ನು ಹುಟ್ಟಿಸಿ ನೋಡಿದರು. ಇಷ್ಟು ಮುಖ್ಯವಾದ ಅಂಟು ಇಲ್ಲದಿದ್ದರೆ ಅವು ಬದುಕಲಾರವು ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರು. ಬದುಕಿದವು, ಮರಿಯನ್ನೂ ಹಾಕಿದವು. ವಾಸನೆ ಗ್ರಹಿಸುವ ಭಾಗ ಮಾತ್ರ ಚಿಕ್ಕದಾಗಿತ್ತು, ದಾರಿ ಕಲಿಯುವುದರಲ್ಲಿ ಹಿಂದುಳಿದಿದ್ದವು. ಅಲ್ಲಿಗೆ ಹೊಸ ಕೋಶಗಳು ಜಾರಿಕೊಂಡು ಹೋಗಬೇಕಿತ್ತು, ಆಗಲಿಲ್ಲ. ಅಂದರೆ ಅಂಟು ಇಲ್ಲದ್ದರಿಂದ ಕೆಟ್ಟದ್ದು ಅಂಟುವ ಕೆಲಸಕ್ಕಿಂತ ಜಾರುವ ಕೆಲಸ. ಇದು ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು.

ಈಗ ಎಲ್-ಒನ್. ನಮ್ಮ ಮನೆಯ ಅಂಟು ಇದು.

ಅಕ್ಕನ ಮಗ 2016ರಲ್ಲಿ ಹುಟ್ಟಿದ. ಹೊಟ್ಟೆಯಲ್ಲಿದ್ದಾಗಲೇ ಕೊನೆಯ ಸ್ಕ್ಯಾನಿನಲ್ಲಿ ತಲೆಯಲ್ಲಿ ನೀರು ಜಾಸ್ತಿ ಇದೆ ಅಂದಿದ್ದರು. ನಮ್ಮೆಲ್ಲರ ಮಿದುಳಿನೊಳಗೂ ನೀರಿನ ಕೋಣೆಗಳಿವೆ. ದೊಡ್ಡವರಲ್ಲಿ ದಿನಕ್ಕೆ ಅರ್ಧ ಲೀಟರಿನಷ್ಟು ಹುಟ್ಟಿ, ಹರಿದು, ರಕ್ತಕ್ಕೆ ಸೇರುತ್ತೆ. ಮಧ್ಯದಲ್ಲಿ ಒಂದು ಸಪೂರ ಕಾಲುವೆ ಇದೆ, ಅವನಲ್ಲಿ ಅದು ಕಟ್ಟಿಕೊಂಡಿತ್ತು. ಹನ್ನೊಂದನೇ ದಿನಕ್ಕೆ ಆಪರೇಷನ್ ಮಾಡಿ, ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೇ ಒಂದು ನಳಿಕೆ ಇಟ್ಟರು. ತೋಟದಲ್ಲಿ ಬಸಿಗಾಲುವೆ ತೆಗೆದ ಹಾಗೆ. ನೀರು ಇಳಿಯಿತು. ಸರಿಹೋಯಿತು ಅಂತ ನಾವೆಲ್ಲ ಅಂದುಕೊಂಡೆವು. ವರ್ಷವಾದರೂ ಕೂರಲಿಲ್ಲ, ಎರಡು ವರ್ಷವಾದರೂ ಕಾಲು ಬಿಗಿಯಾಗೇ ಇತ್ತು, ಮಾತು ಬರಲಿಲ್ಲ.

ಅವನ ನಾಮಕರಣದ ದಿನ ಒಂದು ವಿಚಿತ್ರ ನಡೆದಿತ್ತು. ಅಜ್ಜಿ, ಅಂದರೆ ಅಮ್ಮನ ಅಮ್ಮ, ಮಗುವಿನ ಮುಷ್ಟಿ ಬಿಡಿಸಿ ಬೆರಳು ನೋಡಿದವಳು ತಟಕ್ಕನೆ ಎದ್ದು ಹಿತ್ತಲಿಗೆ ಹೋಗಿಬಿಟ್ಟಳು. ಊಟಕ್ಕೂ ಬರಲಿಲ್ಲ. ವಯಸ್ಸಾಯಿತು, ಸುಸ್ತಾಗಿರಬೇಕು ಅಂತ ಎಲ್ಲರೂ ಸುಮ್ಮನಾದರು.

2022ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್ ಒಬ್ಬರು ಕೂತು ನಮ್ಮ ವಂಶವೃಕ್ಷ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಮನೆಯಲ್ಲಿ ಚಿಕ್ಕಂದಿನಲ್ಲೇ ಹೋದ ಮಕ್ಕಳು ಇದ್ದಾರಾ ಅಂತ ಕೇಳಿದರು. ಅಮ್ಮನಿಗೆ ಏನೋ ಕೇಳಿದ ನೆನಪು. ನಾನು ಅಲ್ಲಿಂದಲೇ ಊರಿಗೆ ಫೋನು ಹಚ್ಚಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು. "ನಿನ್ನಮ್ಮನಿಗಿಂತ ಮುಂಚೆ ಎರಡು ಗಂಡು. ಎರಡಕ್ಕೂ ತಲೆ ದೊಡ್ಡದಿತ್ತು. ಒಂದು ಮೂರು ದಿನ ಇತ್ತು, ಒಂದು ತಿಂಗಳು ತುಂಬ್ಲಿಲ್ಲ. ಎರಡಕ್ಕೂ ಹೆಬ್ಬೆರಳು ಒಳಗೇ ಮಡಚಿಕೊಂಡಿತ್ತು. ಎಲ್ಲಾ ಕೂಸುಗಳೂ ಮುಷ್ಟಿ ಕಟ್ಟಿರ್ತಾವೆ, ಬಿಡಿಸಿದ್ರೆ ಬಿಡ್ತಾವೆ. ಇವು ಬಿಡ್ತಿರ್ಲಿಲ್ಲ. ಈ ಕೂಸಿಗೂ ಹಂಗೇ ಇತ್ತಲ್ಲ."

ಸ್ಪೀಕರ್ ಆನ್ ಇತ್ತು. ಕೌನ್ಸೆಲರ್ ಪೆನ್ನು ಕೆಳಗಿಟ್ಟರು. ಎರಡು ಚೌಕ ತುಂಬಿಸಿ, ಅಡ್ಡಗೆರೆ ಎಳೆದು, ಎಲ್-ಒನ್ ಜೀನು ನೋಡೋಣ ಅಂದರು. ಸಾಲು ಸಾಲು ಸ್ಕ್ಯಾನು ಹೇಳದ್ದನ್ನು ಅಜ್ಜಿಯ ಒಂದು ಹೆಬ್ಬೆರಳು ಹೇಳಿತು.

1949ರಲ್ಲೇ ಬಿಕರ್ಸ್ ಮತ್ತು ಆಡಮ್ಸ್ ಅನ್ನೋ ವೈದ್ಯರು ಒಂದೇ ಕುಟುಂಬದ ಗಂಡುಮಕ್ಕಳಿಗೆ ಹೀಗೆ ತಲೆಯಲ್ಲಿ ನೀರು ತುಂಬೋದನ್ನು ಬರೆದಿಟ್ಟಿದ್ದರು. ಎಲ್-ಒನ್ ಅನ್ನೋ ಅಂಟು 1984ರಲ್ಲಿ ಗೊತ್ತಾಯಿತು, ಎರಡಕ್ಕೂ ನಂಟಿದೆ ಅಂತ ಗೊತ್ತಾದದ್ದು 1992ರಲ್ಲಿ. ಈ ಜೀನು ಎಕ್ಸ್ ಕ್ರೋಮೋಸೋಮಿನ ಒಂದು ತುದಿಯಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ನಡೆಸಿಕೊಂಡು ಹೋಗುತ್ತೆ. ಗಂಡಿಗೆ ಇರೋದು ಒಂದೇ, ಅದೂ ಅಮ್ಮನದು. ಸುಮಾರು 30,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಾಗುತ್ತೆ ಅನ್ನೋದು ಪುಸ್ತಕದ ಲೆಕ್ಕ. ಅವರಲ್ಲಿ ಅರ್ಧದಷ್ಟು ಮಕ್ಕಳ ಹೆಬ್ಬೆರಳು ಅಂಗೈಯೊಳಗೆ ಮಡಚಿರುತ್ತೆ.

ಎಲ್-ಒನ್ 1257 ಕೊಂಡಿಗಳ ಒಂದು ಸರಪಳಿ. ನರಕೋಶದಿಂದ ಹೊರಟ ಉದ್ದ ಎಳೆಯ ಮೈಮೇಲೆ ನಿಂತಿರುತ್ತೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಂತೆ, ಅವುಗಳ ಎಳೆಗಳು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ನೆನೆಸಿಕೊಂಡರೇ ತಲೆ ತಿರುಗುತ್ತೆ. ಮೊದಲು ಹೋದ ಎಳೆಯನ್ನು ಹಿಂದೆ ಬರುವ ಎಳೆ ಹಿಡಿದುಕೊಂಡು ಹೋಗುತ್ತೆ. ಹಿಡಿಯುವ ಕೈಗಳಲ್ಲಿ ಒಂದು ಎಲ್-ಒನ್. ಜಾತ್ರೆಯ ಗದ್ದಲದಲ್ಲಿ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾಗಿ ಹೋಗ್ತಾರಲ್ಲ, ಹಾಗೆ. ಎಳೆಗಳು ಹೀಗೆ ಕಟ್ಟು ಕಟ್ಟಾಗಿ ಹೋಗಿ, ಮಿದುಳಿನ ಎಡ ಬಲಗಳ ನಡುವೆ ಸುಮಾರು 20 ಕೋಟಿ ಎಳೆಗಳ ಒಂದು ಸೇತುವೆಯಾಗುತ್ತೆ. ಇನ್ನೊಂದು ಕಟ್ಟು ಕತ್ತಿನ ಮೇಲೆ ಅಡ್ಡ ದಾಟಿ, ಬೆನ್ನುಹುರಿಗೆ ಇಳಿದು, ಕೈಕಾಲಿಗೆ ಆಜ್ಞೆ ಒಯ್ಯುತ್ತೆ. ಎಲ್-ಒನ್ ಕೆಟ್ಟರೆ ಈ ಎರಡೂ ಸೊರಗುತ್ತವೆ. ಎಲ್-ಒನ್ ತೆಗೆದ ಇಲಿಗಳಲ್ಲಿ ಆ ಅಡ್ಡ ದಾಟುವ ಜಾಗದಲ್ಲೇ ಎಷ್ಟೋ ಎಳೆಗಳು ದಾರಿ ತಪ್ಪಿದ್ದವು.

ನಳಿಕೆ ಇಟ್ಟರೂ ಯಾಕೆ ಸರಿಹೋಗಲಿಲ್ಲ ಅನ್ನೋ ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನೀರು ಒಂದು ತೊಂದರೆ, ನೀರಿನ ಒತ್ತಡ ಇಳಿಸಲೇಬೇಕಿತ್ತು, ಇಳಿಸಿದ್ದಕ್ಕೇ ಅವನು ಉಳಿದ. ಎಳೆಗಳು ಮಾತ್ರ ಅದಕ್ಕೂ ಮುಂಚೆಯೇ ತಮಗೆ ತೋಚಿದ ದಾರಿ ಹಿಡಿದಾಗಿತ್ತು. ಎಳೆಗಳು ಹೊರಡುವ ಕಾಲ ಒಂದಿರುತ್ತೆ. ಆ ಕಾಲ ಮುಗಿದ ಮೇಲೆ ಅಂಟು ತಂದು ಸುರಿದರೂ ಪ್ರಯೋಜನವಿಲ್ಲ. ಆರು ವರ್ಷ ಅಕ್ಕ "ಫಿಸಿಯೋಥೆರಪಿ ಇನ್ನೂ ಜಾಸ್ತಿ ಮಾಡಿಸಬೇಕಿತ್ತು" ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅದು ನಿಂತಿತು. ಫಿಸಿಯೋಥೆರಪಿ ನಿಲ್ಲಲಿಲ್ಲ, ಅದರಿಂದ ಕಾಲಿನ ಬಿಗಿತ ಸಡಿಲಾಗುತ್ತೆ.

ವರದಿಯಲ್ಲಿ ಅವನ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಪ್ರಪಂಚದಲ್ಲಿ ಈ ಜೀನಿನ 200ಕ್ಕೂ ಹೆಚ್ಚು ಬಗೆಯ ತಪ್ಪುಗಳು ದಾಖಲಾಗಿವೆ, ಬಹುಪಾಲು ಒಂದೊಂದು ಕುಟುಂಬಕ್ಕೆ ಒಂದೊಂದು. ಅಕ್ಕನಲ್ಲೂ ಅದೇ ಇತ್ತು, ಅಮ್ಮನಲ್ಲೂ ಇತ್ತು. ಅಮ್ಮನಿಗೆ ನಾವಿಬ್ಬರೂ ಹೆಣ್ಣೇ ಆಗಿದ್ದರಿಂದ ಮೂವತ್ತು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಕೂತಿತ್ತು.

ಕಷ್ಟವಾದದ್ದು ಅಜ್ಜಿಗೆ ಹೇಳೋದು. ಮೊದಲ ಬಸುರಿನಲ್ಲಿ ಗ್ರಹಣದ ಹೊತ್ತಿಗೆ ಈಳಿಗೆಮಣೆ ಮುಂದೆ ಕೂತು ಸೌತೆಕಾಯಿ ಹೆಚ್ಚಿದ್ದಳು ಅಂತ ಅವಳ ಅತ್ತೆ ಹೇಳಿದ್ದರಂತೆ. ಎರಡನೇ ಸಲ ಗ್ರಹಣ ಇರಲಿಲ್ಲ, ಆಗ ನಾಗರಬನದ ಮರದ ಕಾರಣ ಸಿಕ್ಕಿತು. ಕಾರಣಕ್ಕೇನು ಬರ. ಅರವತ್ತು ವರ್ಷ ಆ ಸೌತೆಕಾಯಿಯನ್ನು ಹೊತ್ತುಕೊಂಡೇ ಇದ್ದಾಳೆ. ಗ್ರಹಣ ಬಂದರೆ ಈಗಲೂ ಅಡಿಗೆಮನೆಗೆ ಕಾಲಿಡೋದಿಲ್ಲ, ನಮಗೂ ಬಿಡೋದಿಲ್ಲ. ಗ್ರಹಣ ಅಲ್ಲ ಅಂತ ಹೇಳಲು ನನಗೆ ಆತುರವಿತ್ತು. ಹೇಳಹೊರಟಾಗ ಹೊಳೆಯಿತು, ಗ್ರಹಣವನ್ನು ತೆಗೆದು ಆ ಜಾಗದಲ್ಲಿ ನಾನು ಇಡುತ್ತಿರೋದು "ಅಮ್ಮನ ಕಡೆಯಿಂದ ಬರುತ್ತೆ" ಅನ್ನೋ ಮಾತು. ಅತ್ತೆ ಹೇಳಿದ್ದಕ್ಕೂ ಇದಕ್ಕೂ ಕೇಳುವ ಕಿವಿಗೆ ಏನು ವ್ಯತ್ಯಾಸ?

ಊರಿಗೆ ಹೋಗಿ, ಜಗಲಿಯಲ್ಲಿ ಕೂತು, ಆ ಚೌಕ ಸೊನ್ನೆಗಳ ಹಾಳೆ ಬಿಡಿಸಿ ಹೇಳಿದೆ. ಇದು ಯಾರೂ ಮಾಡಿದ್ದಲ್ಲ, ತಿಂದದ್ದರಿಂದ ಹೆಚ್ಚಿದ್ದರಿಂದ ಬಂದದ್ದಲ್ಲ, ಹುಟ್ಟುವ ಮುಂಚೆಯೇ ಬರೆದಿದ್ದ ಒಂದು ಅಕ್ಷರ ಅಂತೆಲ್ಲ. ಅಜ್ಜಿ ಅಡಿಕೆ ಹೆಚ್ಚುತ್ತ ಕೇಳಿಸಿಕೊಂಡಳು.

"ಹಂಗಾದ್ರೆ ಗ್ರಹಣದ್ದಲ್ಲ."

"ಅಲ್ಲ ಅಜ್ಜಿ."

"ನನ್ನಿಂದ ಬಂದದ್ದು ಹೌದು."

ನಾನು ಏನೋ ಹೇಳಲು ಹೊರಟೆ. ಅವಳು ಕೈಯೆತ್ತಿ ತಡೆದು, ಹಾಳೆಯಲ್ಲಿ ತನ್ನ ಸೊನ್ನೆಯ ಮೇಲೆ ಬೆರಳಿಟ್ಟು, "ನಂಗೆ ಎಲ್ಲಿಂದ ಬಂತು, ಅಮ್ಮನಿಂದಾನಾ?" ಅಂದಳು. ಇರಬಹುದು ಅಂದೆ.

"ಅವಳಿಗೂ ಒಂದು ಗಂಡು ಹೋಗಿತ್ತು ಅಂತಿದ್ಲು. ಪಾಪ, ಅವಳಿಗೆ ಯಾರು ಏನಂದಿದ್ರೋ."

ಅಷ್ಟೇ ಅಂದದ್ದು. ಸಂಜೆ ಅಮ್ಮನ ಹತ್ತಿರ ಆ ಹಾಳೆ ಇಲ್ಲೇ ಇರಲಿ ಅಂದಳಂತೆ. ನನ್ನ ಹತ್ತಿರ ಫೋಟೋ ಇತ್ತು, ಕೊಟ್ಟು ಬಂದೆ.

ಉಳಿದವಳು ನಾನು. ಅಮ್ಮನಲ್ಲಿದ್ದದ್ದು ನನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. ಮಕ್ಕಳ ವಿಷಯ ಯೋಚಿಸುತ್ತಿದ್ದ ಕಾಲ. ನಮ್ಮ ದೇಶದಲ್ಲಿ ಭ್ರೂಣದ ಲಿಂಗ ಪತ್ತೆ ಅಪರಾಧ, ಅದು ಸರಿಯೇ. ಆದರೆ ಇಂಥ ಲಿಂಗಸಂಬಂಧಿ ಆನುವಂಶಿಕ ಕಾಯಿಲೆಗಳಿಗೆ ಬಸುರಿನಲ್ಲಿ ಪರೀಕ್ಷೆ ಮಾಡಲು 1994ರ ಅದೇ ಕಾನೂನಿನಲ್ಲಿ ಅವಕಾಶವಿದೆ ಅಂತ ಕೌನ್ಸೆಲರ್ ವಿವರಿಸಿದರು. ಪರೀಕ್ಷೆ ಮಾಡಿಸಿ, ತಪ್ಪು ಇದೆ ಅಂತ ಬಂದರೆ? ಆಗ ನಾನು ತೆಗೆದುಕೊಳ್ಳುವ ತೀರ್ಮಾನ, ಪಕ್ಕದ ಕೋಣೆಯಲ್ಲಿ ಆಡುತ್ತಿರುವ ಅಕ್ಕನ ಮಗನ ಬಗ್ಗೆಯೂ ಒಂದು ಮಾತು ಹೇಳಿದ ಹಾಗಾಗುತ್ತಲ್ಲ. ಇದನ್ನು ಗಂಡನ ಹತ್ತಿರ ಹೇಳಬಲ್ಲವಳಾಗಿದ್ದೆ, ಅಕ್ಕನ ಹತ್ತಿರ ಹೇಳಲು ಬಾಯಿ ಬರಲಿಲ್ಲ. ಒಂದು ರಾತ್ರಿ ಅವಳೇ ಶುರುಮಾಡಿದಳು. "ನನ್ನ ಮುಖ ನೋಡ್ಬೇಡ. ಅವನನ್ನ ನಾನು ಬಿಟ್ಟಿರಲಾರೆ. ಆದ್ರೆ ಇನ್ನೊಂದು ಸಲ ಇದೇ ದಾರಿ ನಡಿ ಅಂದ್ರೆ ನನ್ನ ಕೈಲಾಗಲ್ಲ. ಎರಡೂ ನಿಜ."

2023ರ ಮಳೆಗಾಲದಲ್ಲಿ ರಕ್ತ ಕೊಟ್ಟು ಬಂದೆ. ಒಂದು ತಿಂಗಳು ಕಾಯಬೇಕಿತ್ತು. ಆ ತಿಂಗಳಲ್ಲೇ ನಾನು ವಿಲ್ಸನ್, ತಾಕೇಯಿಚಿ ಎಲ್ಲರನ್ನೂ ಓದಿ ಮುಗಿಸಿದ್ದು. ವರದಿ ಇಮೇಲಿನಲ್ಲಿ ಬಂತು. ನನ್ನಲ್ಲಿ ಆ ಬದಲಾವಣೆ ಇಲ್ಲ.

ಸಂತೋಷವಾಗಲಿಲ್ಲ ಅಂದರೆ ಸುಳ್ಳು. ಆದರೆ ಆ ಸಂತೋಷವನ್ನು ಎಲ್ಲಿಡಬೇಕು ಅಂತ ತಿಳಿಯದೆ ಮೊಬೈಲ್ ಹಿಡಿದು ಬಾಲ್ಕನಿಯಲ್ಲಿ ಅತ್ತಿಂದಿತ್ತ ಓಡಾಡಿದೆ. ಅಜ್ಜಿಗೆ, ಅಮ್ಮನಿಗೆ, ಅಕ್ಕನಿಗೆ ಬಂದದ್ದು ನನ್ನ ಹತ್ತಿರ ಬಂದು ತಿರುಗಿ ಹೋಗಿದೆ. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬಡಿಸಿದ್ದು ನನ್ನ ಎಲೆ ದಾಟಿ ಹೋದ ಹಾಗೆ. ಕಹಿಯೇ ಆದರೂ, ದಾಟಿ ಹೋದದ್ದು ದಾಟಿ ಹೋದದ್ದೇ ಅಲ್ವಾ. ಕೊನೆಗೆ ಅಕ್ಕನಿಗೆ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆ ಮಾತಿಲ್ಲ. ಕುಕ್ಕರಿನ ಸದ್ದು ಮಾತ್ರ ಕೇಳುತ್ತಿತ್ತು.

"ಸದ್ಯ ಮಾರಾಯ್ತಿ" ಅಂದಳು. ಸ್ವಲ್ಪ ತಡೆದು, "ಒಬ್ಬಳಾದ್ರೂ" ಅಂದಳು. ಆಮೇಲೆ ಮೂಗು ಒರೆಸಿಕೊಂಡ ಸದ್ದು, ಆಮೇಲೆ ಗ್ಯಾಸ್ ಆರಿಸಿದ ಸದ್ದು.

ಹಿಂದಿನಿಂದ "ಚಿಕ್ಕಿ" ಅಂತ ಕೇಳಿತು. ಅವನಿಗೆ ಬರುವ ಹತ್ತಿಪ್ಪತ್ತು ಮಾತುಗಳಲ್ಲಿ ಅದೂ ಒಂದು. ಫೋನು ಅವನ ಕೈಗೆ ಹೋಯಿತು ಅಂತ ಗೊತ್ತಾಯಿತು. ಹೆಬ್ಬೆರಳಿನ ಸಹಾಯವಿಲ್ಲದೆ ನಾಲ್ಕು ಬೆರಳಲ್ಲಿ ಹಿಡಿಯಬೇಕಲ್ಲ, ಪ್ರತಿ ಸಲವೂ ಅದು ಒಮ್ಮೆಯಾದರೂ ಕೆಳಗೆ ಬೀಳುತ್ತೆ. ಬಿತ್ತು. ಅಕ್ಕ ಎತ್ತಿಕೊಟ್ಟಳು.